ಛತ್ರಿ ಹಿಡಿದವರ ಹಿಂದೆ

ಮಕ್ಕಳನ್ನು ಕಟ್ಟಿಕೊಂಡು ಪರದೇಶದ ಊರು ನೋಡಲು ಹೊರಟ ಮನೆಯಲ್ಲಿ ಮಿಕ್ಕೆಲ್ಲದಕ್ಕೂ ಹೇಗೋ ಒಂದು ತೀರ್ಮಾನ ಸಿಕ್ಕಿಬಿಡುತ್ತದೆ. ಯಾವ ವಿಮಾನ, ಯಾವ ಹೋಟೆಲು, ಚಟ್ನಿಪುಡಿ ಯಾರ ಚೀಲದಲ್ಲಿ, ಕಿಟಕಿ ಪಕ್ಕದ ಸೀಟು ಹೋಗುವಾಗ ಯಾರಿಗೆ, ಬರುವಾಗ ಯಾರಿಗೆ, ಎಲ್ಲ ಒಂದೇ ಸಂಜೆಯಲ್ಲಿ ಇತ್ಯರ್ಥವಾಗುತ್ತದೆ. ಆಗದೆ ಉಳಿಯುವುದು ಗೈಡಿನ ವಿಚಾರ. ಅದು ದುಡ್ಡಿನ ಪ್ರಶ್ನೆಯ ವೇಷ ಹಾಕಿಕೊಂಡು ಬರುತ್ತದೆ. ವೇಷ ಕಳಚಿದರೆ ಒಳಗೆ ಮಾನದ ಪ್ರಶ್ನೆ ಕೂತಿರುತ್ತದೆ. ದುಡ್ಡು ಕೊಟ್ಟು ಗೈಡನ್ನು ಗೊತ್ತುಮಾಡಿದರೆ, ಮನೆಯ ದೊಡ್ಡವರಿಗೆ ಏನೂ ತಿಳಿಯದೆಂದು ಮಕ್ಕಳ ಎದುರಿಗೇ ರುಜು ಹಾಕಿಕೊಟ್ಟ ಹಾಗಾಗುವುದಿಲ್ಲವೆ? "ನಾನಿಲ್ವಾ ಹೇಳೋದಕ್ಕೆ?" ಎಂದು ಒಬ್ಬರಾದರೂ ಅಂದೇ ಅನ್ನುತ್ತಾರೆ.

ನಮ್ಮಲ್ಲಿ ಅಂದವರು ಅಳಿಯಂದಿರು. ಮಗಳ ಸಂಸಾರ ಇರುವುದು ಮ್ಯೂನಿಕ್‌ನಲ್ಲಿ. ನಾನು ಅಲ್ಲಿಗೆ ಹೋಗಿದ್ದಾಗ ಮಕ್ಕಳಿಗೆ ಈಸ್ಟರ್ ರಜೆ ಬಂತು, ರೋಮ್ ನೋಡಿ ಬರೋಣವೆಂದಾಯಿತು. ಮೊಮ್ಮಗಳಿಗೆ ಒಂಬತ್ತು, ಮೊಮ್ಮಗನಿಗೆ ಐದು ತುಂಬಿದೆ, ನನ್ನ ಮಂಡಿಗಳಿಗೆ ಅರವತ್ತೇಳು.

"ಗೈಡ್ ಯಾಕ್ ಬೇಕ್ರಿ ಅತ್ತಿ? ಫೋನಿನ್ಯಾಗ ಎಲ್ಲಾ ಐತಲ್ರಿ," ಎಂದರು ಅಳಿಯಂದಿರು.

"ಫೋನಲ್ಲಿ ಎಲ್ಲಾ ಇದೆ ರೀ. ಫೋನ್ ನಿಮ್ಮ ಕೈಲಿರುತ್ತೆ, ಮಕ್ಕಳು ನನ್ನ ಕೈಲಿರ್ತಾರೆ," ಎಂದಳು ಮಗಳು.

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಅತ್ತೆಯಾದವಳು ಇಂಥ ಹೊತ್ತಿನಲ್ಲಿ ಕನ್ನಡಕ ಒರೆಸಿಕೊಳ್ಳುವುದು ಕ್ಷೇಮ. ಒರೆಸಿಕೊಳ್ಳುತ್ತ ನನಗೆ ಹೊಳೆಯಿತು: ಈ ಜಗಳದ ಬೇರು ರೋಮಿನಲ್ಲಿಲ್ಲ, ವಿಜಯಪುರದಲ್ಲಿದೆ, ಹಾಸನದಲ್ಲಿದೆ.

ಅಳಿಯಂದಿರು ಗೋಳಗುಮ್ಮಟ ನೋಡುತ್ತ ಬೆಳೆದವರು. ಅದಕ್ಕೆಂಥ ಗೈಡು? ಒಳಗೆ ಹೋಗಿ ತಲೆ ಎತ್ತಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮೆಟ್ಟಿಲು ಹತ್ತಿ ಮೇಲಿನ ಗ್ಯಾಲರಿಯಲ್ಲಿ ಒಮ್ಮೆ ಹೆಸರು ಕೂಗಿದರೆ ಗೋಡೆ ಮತ್ತೆ ಮತ್ತೆ ಕೂಗುತ್ತದೆ. ಅದು ಮೊಹಮ್ಮದ್ ಆದಿಲ್ ಶಾಹನ ಗೋರಿ ಎಂಬುದು ಗೊತ್ತಿಲ್ಲದ ಮಗುವೂ ಅಲ್ಲಿಂದ ತೃಪ್ತಿಯಾಗಿ ಇಳಿದು ಬರುತ್ತದೆ. "ಗುಮ್ಮಟ ತಾನಾ ಮಾತಾಡ್ತೈತ್ರಿ," ಎಂಬುದು ಅವರ ವಾದ. ಅದನ್ನು ಅಲ್ಲಗಳೆಯುವ ಹಾಗೂ ಇಲ್ಲ. ಏಳು ಸಲ ಮಾತಾಡುತ್ತದೆ ಎಂದು ಊರಿಗೆ ಊರೇ ಸಾಕ್ಷಿ ಹೇಳುತ್ತದೆ.

ನಾನು ಹಾಸನದ ಕಡೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಬೇಲೂರು ಹಳೇಬೀಡಿಗೆ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ, ತಲೆ ಎಣಿಸಿ ಇಳಿಸಿ, ತಲೆ ಎಣಿಸಿ ಹತ್ತಿಸಿದವಳು. ಹೊಯ್ಸಳೇಶ್ವರನ ಗುಡಿಯ ಗೋಡೆಯ ಮುಂದೆ ಮಗುವನ್ನು ಸುಮ್ಮನೆ ನಿಲ್ಲಿಸಿ ನೋಡಿ. ಅದಕ್ಕೆ ಮೊದಲು ಕಾಣುವುದು ಕಲ್ಲು, ಆಮೇಲೆ ಇನ್ನಷ್ಟು ಕಲ್ಲು, ಆಮೇಲೆ ಹುಲ್ಲಿನ ಮೇಲೆ ಮಲಗಿರುವ ನಾಯಿಮರಿ. ಅಲ್ಲಿಗೆ ಹೊಯ್ಸಳ ಸಾಮ್ರಾಜ್ಯ ಮುಗಿಯಿತು. ಮೊಳಕ್ಕೊಂದು ಕಥೆ ಇರುವ ಗೋಡೆ, ಒಂದರ ಮೇಲೊಂದು ಬಿದ್ದು ಎಲ್ಲವೂ ಒಟ್ಟಿಗೆ ಮಾತಾಡುತ್ತವೆ. ಯಾರಾದರೂ ಬೆರಳು ತೋರಿಸಿ, ಇದನ್ನು ನೋಡು, ಉಳಿದದ್ದು ಇರಲಿ ಬಿಡು, ಅನ್ನಬೇಕು.

ಅಲ್ಲೊಬ್ಬ ವಯಸ್ಸಾದ ಗೈಡು ಇದ್ದರು. ನಮ್ಮ ಮಕ್ಕಳನ್ನು ಮಕರದ ಸಾಲಿನ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದರು.

"ಬಾಯಿ ಯಾರ್ದ್ರಪ್ಪಾ?"

"ಮೊಸಳೇದು!"

"ಸೊಂಡ್ಲು?"

"ಆನೇದು!"

"ಬಾಲ?"

ಇಲ್ಲಿ ಸ್ವಲ್ಪ ಗುಸುಗುಸು. "ನವಿಲ್ದು!"

"ಹಂಗಾರೆ ಇದ್ಕೆ ಹೊಟ್ಟೆನೋವು ಬಂದ್ರೆ ಯಾವ ಡಾಕ್ಟ್ರತ್ರ ಕರ್ಕಂಡೋಗದು?"

ನಾನು ವಿಷ್ಣುವರ್ಧನನನ್ನೂ ಬೇಲೂರು ಗುಡಿಯ ಇಸವಿ 1117ನ್ನೂ ಬೋರ್ಡಿನ ಮೇಲೆ ಬರೆದು, ಕೆಳಗೆ ಗೀಟೆಳೆದು, ಕಿರುಪರೀಕ್ಷೆಯಲ್ಲಿ ಕೇಳಿ, ವಾರ್ಷಿಕದಲ್ಲಿ ಮತ್ತೆ ಕೇಳಿದ್ದೇನೆ. ಆ ಹುಡುಗರು ಈಗ ಮೀಸೆ ನರೆತ ಮೇಲೆ ಸಂತೆಯಲ್ಲಿ ಸಿಕ್ಕಾಗ "ಮೇಡಮ್ಮೋರೆ, ಮಕರದ ಡಾಕ್ಟ್ರು ಸಿಕ್ಕಿದ್ರಾ?" ಎನ್ನುತ್ತಾರೆಯೇ ಹೊರತು 1117ರ ಯೋಗಕ್ಷೇಮ ಯಾರೂ ಕೇಳಿಲ್ಲ.

ಹೀಗಾಗಿ ನನ್ನ ಮತ ಗೈಡಿನ ಕಡೆಗೆ ಬಿತ್ತು. ಬಿದ್ದ ಮೇಲೆ ರೇಟು ಕೇಳಿದೆ. ಹತ್ತಿಪ್ಪತ್ತು ಜನರ ಗುಂಪಿಗೆ ಸೇರಿಕೊಂಡರೆ ಅಗ್ಗ. ನಮ್ಮ ಮನೆಯವರಿಗಷ್ಟೇ ಬೇಕೆಂದರೆ ಮೂರು ಗಂಟೆಗೆ ಇನ್ನೂರು ಯೂರೋ ಸುಮಾರು. ನಾನು ಮನಸ್ಸಿನಲ್ಲೇ ಗುಣಿಸುತ್ತಿದ್ದದ್ದು ಮುಖದಲ್ಲಿ ಕಂಡಿರಬೇಕು. "ಅಮ್ಮಾ, ರೂಪಾಯಿಗೆ ತಿರುಗಿಸಬೇಡ" ಎಂದು ಮಗಳು ಗದರಿದಳು. ತಿರುಗಿಸಿಯಾಗಿತ್ತು. ಅಳಿಯಂದಿರು ಅಷ್ಟರಲ್ಲಿ ಇನ್ನೊಂದು ಲೆಕ್ಕ ಹಿಡಿದರು: ಕೊಲೋಸಿಯಂನಲ್ಲಿ ಹದಿನೆಂಟರ ಒಳಗಿನವರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆ ಉಳಿತಾಯವನ್ನು ಗೈಡಿನ ಖಾತೆಗೆ ಹಾಕಬಹುದು. ಉಳಿತಾಯಕ್ಕೂ ಖರ್ಚಿಗೂ ತಾಳೆಯಾಗಲಿಲ್ಲ. ಆದರೂ ಖರ್ಚು ಮಾಡಲು ಒಂದು ಕಾರಣ ಸಿಕ್ಕಿತು, ಗಂಡಸರಿಗೆ ಅಷ್ಟು ಸಾಕು.

ರಾಜಿ ಹೀಗಾಯಿತು. ಒಂದು ಬೆಳಗ್ಗೆ, ಕೊಲೋಸಿಯಂ ಮತ್ತು ಅದರ ಪಕ್ಕದ ರೋಮನ್ ಫೋರಂ ಎರಡಕ್ಕೆ ಮಾತ್ರ ಗೈಡು. ಮಿಕ್ಕ ರೋಮ್ ಪೂರ್ತಿ ಅಳಿಯಂದಿರ ಫೋನಿಗೆ.

ಯಾವ ಭಾಷೆಯ ಗೈಡು? ಇಂಗ್ಲಿಷಾದರೆ ಐದು ವರ್ಷದವನಿಗೆ ಏನೂ ಆಗುವುದಿಲ್ಲ, ಅವನಿಗಿರುವುದು ಕನ್ನಡ ಮತ್ತು ಜರ್ಮನ್. ಜರ್ಮನ್ನಾದರೆ ನನಗಾಗುವುದಿಲ್ಲ. ರೋಮಿನಲ್ಲಿ ಕನ್ನಡದ ಗೈಡು ಹುಡುಕುವುದನ್ನು ನಾನೇ ಬೇಡವೆಂದೆ. ಗೈಡು ಮಕ್ಕಳಿಗೆಂದಮೇಲೆ ಜರ್ಮನ್ನೇ ಸರಿ, ಅಜ್ಜಿಗೆ ಮೊಮ್ಮಗಳು ತರ್ಜುಮೆ ಮಾಡತಕ್ಕದ್ದು ಎಂದು ಠರಾವಾಯಿತು. ಇದರಲ್ಲಿದ್ದ ಒಂದು ಅನುಕೂಲವನ್ನು ನಾವಾರೂ ಮೊದಲು ಕಂಡಿರಲಿಲ್ಲ. ಬೇರೆಯವರಿಗೆ ದಾಟಿಸುವ ಜವಾಬ್ದಾರಿ ಹೊತ್ತ ಒಂಬತ್ತು ವರ್ಷದ ಹುಡುಗಿ ಆ ಬೆಳಗ್ಗೆ ಒಂದು ಸಲವೂ "ಇನ್ನೆಷ್ಟು ಹೊತ್ತು" ಎನ್ನಲಿಲ್ಲ.

ಬಂದಾಕೆ ರೋಮಿನವಳೇ, ಐವತ್ತರ ಆಸುಪಾಸು. ಇಟಲಿಯಲ್ಲಿ ಗೈಡಾಗಲು ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಬೇಕು. ಆ ಗುರುತಿನ ಕಾರ್ಡು ಕೊರಳಲ್ಲಿತ್ತು. ಮೇಷ್ಟರ ಕಣ್ಣಿಗೆ ಹಿತವಾದ ದೃಶ್ಯ. ಕೊಲೋಸಿಯಂ ಸುತ್ತ ಪರವಾನಗಿ ಇಲ್ಲದ ಪ್ರೀತಿಯಿಂದ ಕೈ ಹಿಡಿದೆಳೆಯುವವರು ಬಹಳ. ಕ್ಯೂ ಇಲ್ಲದೆ ಒಳಗೆ ಬಿಡಿಸುತ್ತೇನೆ ಎನ್ನುವವರು, ಕೆಂಪು ಜುಟ್ಟಿನ ಶಿರಸ್ತ್ರಾಣ ಹಾಕಿಕೊಂಡು ಫೋಟೋಗೆ ನಿಂತು ಆಮೇಲೆ ಕೈಚಾಚುವ ಗ್ಲಾಡಿಯೇಟರುಗಳು. ಆಕೆ ಇವರೆಲ್ಲರ ಮಧ್ಯೆ ನಮ್ಮನ್ನು ಪಾರುಮಾಡಿಸಿ, ಮಕ್ಕಳ ಮುಂದೆ ಬಗ್ಗಿ ಮೊದಲು ಒಂದು ಪ್ರಶ್ನೆ ಕೇಳಿದಳು. ಮೊಮ್ಮಗಳು ತರ್ಜುಮೆ ಮಾಡಿದಳು: "ಸೂಸೂ ಯಾರಿಗೆ ಅಂತೆ, ಅಜ್ಜಿ." ಮೂವರು ಕೈ ಎತ್ತಿದೆವು. ಇನ್ನೂರು ಯೂರೋದಲ್ಲಿ ಐವತ್ತು ಅಲ್ಲಿಗೇ ವಸೂಲಾಯಿತು ಎನ್ನಿಸಿತು ನನಗೆ.

ಕೊಲೋಸಿಯಂ ಗೋಡೆಗಳ ತುಂಬ ತೂತುಗಳು. ಯುದ್ಧದಲ್ಲಿ ಗುಂಡು ಬಿದ್ದದ್ದು ಎಂದು ಹುಡುಗ ತೀರ್ಮಾನಿಸಿದ್ದ. ಅಲ್ಲವಂತೆ. ಕಲ್ಲಿಗೂ ಕಲ್ಲಿಗೂ ಕಬ್ಬಿಣದ ಕೊಂಡಿ ಬಿಗಿದಿದ್ದರು. ಸಾಮ್ರಾಜ್ಯ ಹೋದ ಮೇಲೆ ಕಬ್ಬಿಣಕ್ಕಾಗಿ ಜನ ಗೋಡೆ ಕೊರೆದು ಕೊಂಡಿಗಳನ್ನು ಕಿತ್ತುಕೊಂಡರು. ಕಲ್ಲನ್ನೂ ಬಿಟ್ಟವರಲ್ಲ, ಮನೆ ಅರಮನೆ ಚರ್ಚುಗಳಿಗೆ ಹೊತ್ತುಹಾಕಿದರು. ಕೆಳಗಿನ ಕಮಾನುಗಳು 80, ಅದರಲ್ಲಿ 76ಕ್ಕೆ ನಂಬರು. ಟಿಕೆಟ್ಟಿನಲ್ಲಿ ಯಾವ ನಂಬರೋ ಆ ಬಾಗಿಲಲ್ಲೇ ನುಗ್ಗಬೇಕು, ಅದಕ್ಕೇ ಐವತ್ತು ಸಾವಿರ ಜನ ತುಳಿದಾಡದೆ ಒಳಹೋಗುತ್ತಿದ್ದರು. ಈಗ ಉಳಿದಿರುವ ನಂಬರು 23ರಿಂದ 54. ಐವತ್ತನಾಲ್ಕರ ಕಮಾನಿನ ಮೇಲೆ ಐವತ್ತರ ಗುರುತಿನ ಮುಂದೆ ನಾಲ್ಕು ಗೀಟು. ಮೊಮ್ಮಗಳು ಹುಬ್ಬು ಗಂಟಿಕ್ಕಿದಳು. ಸ್ಕೂಲಿನಲ್ಲಿ ನಾಲ್ಕೆಂದರೆ ಐದರ ಗುರುತಿನ ಹಿಂದೆ ಒಂದು ಗೀಟು ಎಂದು ಕಲಿಸಿದ್ದಾರಲ್ಲ, ಹಾಗಾದರೆ ರೋಮಿನವರಿಗೇ ರೋಮನ್ ಅಂಕಿ ಬರುತ್ತಿರಲಿಲ್ಲವೆ? ಹಾಸನದ ನಮ್ಮ ಗೋಡೆ ಗಡಿಯಾರದಲ್ಲೂ ನಾಲ್ಕು ಗಂಟೆಗೆ ನಾಲ್ಕೇ ಗೀಟಿದೆ, ಬಂದಾಗ ನೋಡು, ಎಂದೆ. ಎರಡು ಬಗೆಯೂ ನಡೆಯುತ್ತಿತ್ತು ಎಂದು ಗೈಡು ನನ್ನನ್ನು ಸಮರ್ಥಿಸಿದಳು. ಗೈಡಿನ ಬಗ್ಗೆ ನನ್ನ ಅಭಿಪ್ರಾಯ ಇನ್ನೊಂದು ಮೆಟ್ಟಿಲು ಮೇಲೇರಿತು.

ಮೊಮ್ಮಗನ ಚಿಂತೆ ಬೇರೆಯೇ ಇತ್ತು. ಐವತ್ತು ಸಾವಿರ ಜನ ಎಲ್ಲಿ ಸೂಸೂ ಮಾಡುತ್ತಿದ್ದರು? ಅವರಪ್ಪ ಆಗಲೇ ಫೋನು ತೆಗೆದಿದ್ದರು. ಆಕೆ ಮೆಟ್ಟಿಲ ಮೇಲೆ ಕೂತು, ಮಕ್ಕಳನ್ನೂ ಕೂರಿಸಿಕೊಂಡು, ಇಂಥ ಪ್ರಶ್ನೆಗೇ ಕಾದಿದ್ದವಳ ಉತ್ಸಾಹದಲ್ಲಿ ಶುರುಮಾಡಿದಳು. ಈ ಕಟ್ಟಡ ಶುರುಮಾಡಿಸಿದ ರಾಜ ವೆಸ್ಪೇಸಿಯನ್. ಅವನ ಕಾಲದಲ್ಲಿ ಬಟ್ಟೆ ಒಗೆಯುವವರು, ಚರ್ಮ ಹದ ಮಾಡುವವರು ಜನರ ಉಚ್ಚೆಯನ್ನು ಕೊಂಡುಕೊಳ್ಳುತ್ತಿದ್ದರು. ರಾಜ ಅದರ ಮೇಲೂ ತೆರಿಗೆ ಹಾಕಿದ. ಮಗ ಟೈಟಸನಿಗೆ ಅಸಹ್ಯವಾಯಿತು. ಅಪ್ಪ ಒಂದು ನಾಣ್ಯ ತೆಗೆದು ಮಗನ ಮೂಗಿಗೆ ಹಿಡಿದು, ವಾಸನೆ ಬರುತ್ತಿದೆಯಾ ಎಂದನಂತೆ. ಇಲ್ಲ. ಆದರೂ ಇದು ಅಲ್ಲಿಂದಲೇ ಬಂದದ್ದು ನೋಡು ಮಗನೇ. ಆ ಮಗನೇ ಮುಂದೆ ಕ್ರಿ.ಶ. 80ರಲ್ಲಿ ಇದನ್ನು ಉದ್ಘಾಟನೆ ಮಾಡಿ ನೂರು ದಿನ ಆಟ ಆಡಿಸಿದ. ಇಟಲಿಯಲ್ಲಿ ರಸ್ತೆ ಬದಿಯ ಮೂತ್ರಖಾನೆಗೆ ಆ ರಾಜನ ಹೆಸರೇ ನಿಂತುಹೋಯಿತು. ಇಷ್ಟು ಕೇಳಿ ಮೊಮ್ಮಗ ಜೇಬಿನಿಂದ ಎರಡು ಯೂರೋ ನಾಣ್ಯ ತೆಗೆದು ಮೂಸಿ ನೋಡಿ, ನಮ್ಮೆಲ್ಲರಿಗೂ ಮೂಸಿಸಿದ.

ಉಚ್ಚೆಯ ಕಥೆಯನ್ನು ವಿವರವಾಗಿ ದಾಟಿಸಿದ ಮೊಮ್ಮಗಳು ರಾಜರ ವಿಚಾರ ಬಂದಾಗ ಮಾತ್ರ ಬಹಳ ಜಿಪುಣಿಯಾದಳು. ಗೈಡು ಎರಡು ನಿಮಿಷ ಕೈಬೀಸಿ ಹೇಳಿದ್ದನ್ನು ಇವಳು "ಅವನು ಇವನ್ನ ಸಾಯಿಸಿದ. ಇವನು ರಾಜ ಆದ. ದೊಡ್ಡದೇನೋ ಕಟ್ಟಿಸಿದ" ಎಂದು ಮುಗಿಸುತ್ತಿದ್ದಳು. ಮುಂದಿನ ಕಲ್ಲಿನ ಹತ್ತಿರವೂ ಅದೇ ಮಾತು. ನನಗೆ ಅನುಮಾನ ಬಂದು ನೆನಪು ಕೆದಕಿದೆ. ಕ್ರಿ.ಶ. 69 ಒಂದೇ ವರ್ಷದಲ್ಲಿ ರೋಮಿಗೆ ನಾಲ್ವರು ಚಕ್ರವರ್ತಿಗಳಾದರು, ವೆಸ್ಪೇಸಿಯನ್ ನಾಲ್ಕನೆಯವನು. ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಂಕ ಕೊಡಬೇಕಾಗಿದ್ದರೆ ಪೂರ್ತಿ ಕೊಡುತ್ತಿದ್ದೆ.

ಫೋರಂ ಬೇರೆ ಥರದ್ದು. ಕೊಲೋಸಿಯಂ ಅರ್ಧವಾದರೂ ನಿಂತಿದೆ, ಇಲ್ಲಿ ಬಹುಪಾಲು ಬಿದ್ದದ್ದೇ. ಒಂದು ಕಡೆ ಮೂರು ಕಂಬ, ಇನ್ನೊಂದು ಕಡೆ ಇಟ್ಟಿಗೆಯ ಗುಡ್ಡೆ, ನಡುವೆ ಕಾಲು ಉಳುಕಿಸುವ ಕಪ್ಪು ಚಪ್ಪಡಿಗಳ ದಾರಿ. ದೊಡ್ಡವರಿಗೂ ಹತ್ತು ನಿಮಿಷದಲ್ಲಿ ಬೇಸರ ಬರುವ ಜಾಗ. ಅಕ್ಕಪಕ್ಕದ ಮನೆಮಂದಿಯಲ್ಲಿ ಅಪ್ಪ ಫಲಕ ಓದುವುದು, ಅಮ್ಮ ನೀರಿನ ಬಾಟಲಿ ಹುಡುಕುವುದು, ಮಕ್ಕಳು ಜಲ್ಲಿಕಲ್ಲು ಒದೆಯುವುದು ಕಾಣುತ್ತಿತ್ತು. ನಮ್ಮಾಕೆ ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ಹಳೆಯದೊಂದು ದೇವಸ್ಥಾನದ ಮುಂದೆ ನಿಲ್ಲಿಸಿ, ಇಲ್ಲೇನು ತಪ್ಪಾಗಿದೆ ಹೇಳಿ ಎಂದಳು. ಆಂಟೋನಿನಸ್ ಮತ್ತು ಫಾಸ್ಟಿನಾ ರಾಜದಂಪತಿಗಳ ಗುಡಿ, ಆಮೇಲೆ ಚರ್ಚಾದದ್ದು. ಮಕ್ಕಳು ಒಂದು ಗಳಿಗೆ ನೋಡಿದರು. ಆಮೇಲೆ ಇಬ್ಬರೂ ಕಿರುಚಿದರು: ಬಾಗಿಲು! ಚರ್ಚಿನ ಹಸಿರು ಬಾಗಿಲು ಮೇಲೆ ಎಲ್ಲೋ ಅಂತರದಲ್ಲಿ ನೇತಾಡುತ್ತಿದೆ. ಅದಕ್ಕೆ ಮೆಟ್ಟಿಲಿಲ್ಲ, ದಾರಿಯಿಲ್ಲ. ಕಾರಣ, ಆ ಬಾಗಿಲು ಇಟ್ಟ ಕಾಲಕ್ಕೆ ನೆಲವೇ ಅಷ್ಟು ಎತ್ತರದಲ್ಲಿತ್ತು. ಶತಮಾನಗಳ ಮಣ್ಣು ಕಸ ತುಂಬಿ ಫೋರಂ ಹೂತುಹೋಗಿತ್ತು. ಮೇಲೆ ಹುಲ್ಲು ಬೆಳೆದು ದನ ಮೇಯುತ್ತಿದ್ದವು. ಜನ ಅದನ್ನು ಕರೆಯುತ್ತಿದ್ದದ್ದೂ ದನದ ಬಯಲು ಎಂದೇ. ಆಮೇಲೆ ಅಗೆದು ಮಣ್ಣು ತೆಗೆದರು, ಬಾಗಿಲು ಮೇಲೆಯೇ ಉಳಿಯಿತು. ನಾನು ತರಗತಿಯಲ್ಲಿ ಉತ್ಖನನ ಎಂಬ ಪಾಠವನ್ನು ಎರಡು ಪೀರಿಯಡ್ ಮಾಡುತ್ತಿದ್ದೆ.

ಸೀಸರನ ಹೆಣ ಸುಟ್ಟ ಜಾಗವೆಂದು ಒಂದು ಮಣ್ಣುದಿಬ್ಬ, ಮೇಲೊಂದು ತಗಡಿನ ಸೂರು. ಅಲ್ಲಿ ಯಾರೋ ಹೂವಿಟ್ಟಿದ್ದರು. ಈಗಲೂ ಇಡುತ್ತಾರೆ. ಮೊಮ್ಮಗ ಹೂವು ನೋಡಿ ಮೆಲ್ಲಗೆ ಕೇಳಿದ: "ಅವನು ಸತ್ತುಹೋದ್ನಾ?" ಇದನ್ನೇ ಮಾರ್ಕ್ ಟ್ವೈನ್ ಮತ್ತು ಅವನ ಗೆಳೆಯರು 1867ರ ಯೂರೋಪ್ ಪ್ರವಾಸದಲ್ಲಿ ಕೀಟಲೆಗೆಂದು ಮಾಡಿದ್ದರು. ಕಂಡ ಗೈಡಿಗೆಲ್ಲ ಫರ್ಗುಸನ್ ಎಂದು ಒಂದೇ ಹೆಸರಿಟ್ಟು, ಕೊಲಂಬಸನ ಪ್ರತಿಮೆ ತೋರಿಸಿದರೂ, ವ್ಯಾಟಿಕನ್ನಿನಲ್ಲಿ ಈಜಿಪ್ಟಿನ ಮಮ್ಮಿ ತೋರಿಸಿದರೂ, ಮುಖ ಗಂಭೀರ ಮಾಡಿಕೊಂಡು ಸತ್ತಿದ್ದಾನೆಯೇ ಎಂದು ಕೇಳಿ ಆ ಬಡಪಾಯಿಗಳನ್ನು ಗೋಳುಹೊಯ್ದುಕೊಂಡರು. ಟ್ವೈನ್ ಬರೆದ ಆ ಪ್ರವಾಸದ ಪುಸ್ತಕ ಓದಿ ನಾನೂ ನಕ್ಕವಳೇ. ಆದರೆ ದೊಡ್ಡವರು ಬೇಕೆಂದೇ ಕೇಳುವ ಪೆದ್ದುಪ್ರಶ್ನೆಗೂ ಐದು ವರ್ಷದವನು ಮನಸಾರೆ ಕೇಳುವುದಕ್ಕೂ ಗೈಡಾದವನು ಬೇರೆ ಬೇರೆ ಮುಖ ಇಟ್ಟುಕೊಂಡಿರಬೇಕು. ನಮ್ಮಾಕೆ ನಗಲಿಲ್ಲ. ಹೌದು, ಬಹಳ ಹಿಂದೆ, ಅವನ ಗೆಳೆಯರೇ ಕೊಂದರು, ಎಂದಳು. ಹುಡುಗನಿಗೆ ಗೆಳೆಯರು ಎಂಬುದು ತಟ್ಟಿತು. ಸ್ಕೂಲಿನಲ್ಲಿ ಅವನ ಪಕ್ಕ ಕೂರುವವನ ಹೆಸರು ಹೇಳಿ, "ಅವನು ಹಾಗೆಲ್ಲ ಮಾಡಲ್ಲ" ಎಂದ.

ಮೂರು ಗಂಟೆಯ ಒಪ್ಪಂದವಿದ್ದರೂ ಎರಡೂಕಾಲಕ್ಕೆ ಹುಡುಗನ ಕಾಲು ಮುಗಿಯಿತು. ಒಳ್ಳೆಯ ಗೈಡಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ, ಇದು ಪರವಾನಗಿಯ ಪರೀಕ್ಷೆಯಲ್ಲಿ ಇದ್ದಂತಿಲ್ಲ. ಉಳಿದ ಚಕ್ರವರ್ತಿಗಳನ್ನು ಕೈಬಿಟ್ಟು ರಸ್ತೆ ಬದಿಯ ನಲ್ಲಿಯ ಹತ್ತಿರ ಕರೆದೊಯ್ದಳು. ರೋಮಿನ ತುಂಬ ಬಾಗಿದ ಮೂಗಿನ ಕಬ್ಬಿಣದ ನಲ್ಲಿಗಳಿವೆ, 1870ರ ದಶಕದಿಂದ ಹಗಲೂ ರಾತ್ರಿ ಕುಡಿಯುವ ನೀರು ಸುರಿಸುತ್ತವೆ. ಮೂಗಿನ ತುದಿಗೆ ಬೆರಳು ಅಡ್ಡ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಇಡೀ ಪ್ರವಾಸದಲ್ಲಿ ನಾವು ಅತಿ ಹೆಚ್ಚು ಸಲ ಬಳಸಿದ ವಿದ್ಯೆ ಇದೇ. ನನ್ನ ಸೀರೆ ಒದ್ದೆಯಾದದ್ದೂ ಇದರಿಂದಲೇ.

ಮಾರನೆಯ ದಿನ ವ್ಯಾಟಿಕನ್ ಮ್ಯೂಸಿಯಂ, ಗೈಡಿಲ್ಲ. ಜನವೋ ಜನ. ಛತ್ರಿ, ಬಾವುಟ, ಪ್ಲಾಸ್ಟಿಕ್ ಸೂರ್ಯಕಾಂತಿ ಮೇಲೆತ್ತಿ ಹಿಡಿದವರ ಹಿಂದೆ ಕಿವಿಗೆ ವೈರು ಸಿಕ್ಕಿಸಿಕೊಂಡ ಮಂದಿ. ಗುಂಪು ತಪ್ಪಿದ ಒಬ್ಬ ಹುಡುಗ, ಕಿವಿಯಲ್ಲಿ ಗೈಡಿನ ದನಿ ಬರುತ್ತಲೇ ಇದ್ದರೂ ಅವಳು ಯಾವ ಕೋಣೆಯಲ್ಲಿದ್ದಾಳೆಂದು ಗೊತ್ತಾಗದೆ ಅಳುತ್ತಿದ್ದ. ಸಿಸ್ಟೀನ್ ಚಾಪೆಲ್ಲಿನ ಒಳಗಂತೂ ಗೈಡು ವಿವರಣೆ ಕೊಡುವಂತೆಯೇ ಇಲ್ಲ. ಮೈಕೆಲಾಂಜೆಲೊ 1508ರಿಂದ 1512ರವರೆಗೆ ಆ ಚಾವಣಿಗೆ ಏನೇನು ಬರೆದನೆಂಬುದನ್ನು ಹೊರಗಡೆ ಚಿತ್ರಫಲಕದ ಮುಂದೆಯೇ ಹೇಳಿ ಮುಗಿಸಿ, ಒಳಗೆ ಬಾಯಿ ಮುಚ್ಚಿಕೊಂಡು ಹೋಗಬೇಕು. ಮಾತಾಡಬಾರದ ಕಡೆಗೆ ಮಾತಿಗೆ ದುಡ್ಡು ಕೊಡುವುದು ಹೇಗೆ ಎಂದರು ಅಳಿಯಂದಿರು, ನಾನೂ ಒಪ್ಪಿದೆ. ಮಕ್ಕಳು ಮಮ್ಮಿಯನ್ನು ನೋಡಿದರು. ಅದೂ ಸತ್ತಿತ್ತು.

ಅಳಿಯಂದಿರ ದಿನ ಬಂದದ್ದು ಪ್ಯಾಂಥಿಯಾನ್‌ನಲ್ಲಿ. ಆಗ ದೊಡ್ಡವರಿಗೆ ಐದು ಯೂರೋ ಟಿಕೆಟ್ಟಿತ್ತು, 2023ರಿಂದ ಶುರುವಾದದ್ದು. ಒಳಗೆ ಕಾಲಿಟ್ಟು ತಲೆ ಎತ್ತಿದರೆ ಆ ಗುಮ್ಮಟ, ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ದುಂಡು ಬಾಯಿ, ಅದರಿಂದ ಗೋಡೆಗೆ ಬಿದ್ದ ಬಿಸಿಲಿನ ದೊಡ್ಡ ಬಿಲ್ಲೆ. ನಾವು ಐವರೂ ಒಂದೇ ಸಲಕ್ಕೆ ಸುಮ್ಮನಾದೆವು, ನಮ್ಮ ಮನೆಯಲ್ಲಿ ಇದು ಅಪರೂಪ. ಯಾರೂ ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. "ಮಳೆ ಬಂದ್ರೆ?" ಎಂದ ಮೊಮ್ಮಗ. ಉತ್ತರಕ್ಕೆ ಯಾರ ಮುಖವನ್ನೂ ನೋಡದೆ ನೆಲ ನೋಡುತ್ತ ಹೋಗಿ, ನೀರು ಇಂಗಲು ಕೊರೆದ ಸಣ್ಣ ತೂತುಗಳನ್ನು ತಾನೇ ಕಂಡುಹಿಡಿದ. ಅಳಿಯಂದಿರ ಫೋನು ಆಮೇಲಷ್ಟೇ ಹೊರಬಂತು. ಗುಮ್ಮಟದ ಅಗಲ 43 ಮೀಟರಿಗೆ ತುಸು ಮೇಲೆ. ಕಟ್ಟಿದ್ದು ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ. ಅಂದರೆ ಗೋಳಗುಮ್ಮಟಕ್ಕಿಂತ ಒಳಗಡೆ ಅಗಲ, ಸಾವಿರದೈನೂರು ವರ್ಷ ಹಳೆಯದು. ವಿಜಯಪುರದವರು ಸ್ವಲ್ಪ ಹೊತ್ತು ಮೇಲೆ ನೋಡಿದರು. ಆಮೇಲೆ, "ಕೂಗಿದ್ರ ಏಳ್ ಸಲ ಕೇಳ್ತೈತೇನ್ರಿ ಇಲ್ಲಿ?" ಎಂದರು. ಮಗ ಅದನ್ನು ಅಪ್ಪಣೆಯೆಂದು ತಿಳಿದು ಒಮ್ಮೆ ಕೂಗಿಯೇಬಿಟ್ಟ. ಕೇಳಿದ್ದು ಒಂದೇ ಸಲ, ಅದೂ ಕಾವಲಿನವರು ಶ್ ಎಂದದ್ದು. ಅಳಿಯಂದಿರ ಮುಖ ಅರಳಿತು.

ಆ ರಾತ್ರಿ ಹೋಟೆಲಿನಲ್ಲಿ ಮೊಸರನ್ನ ಕಲಸುತ್ತ ನಾನು ನನ್ನ ತೀರ್ಪು ಕೊಟ್ಟೆ. ನಿಂತದ್ದಕ್ಕೆ ಗೈಡು ಬೇಡ, ಬಿದ್ದದ್ದಕ್ಕೆ ಬೇಕು. ಪ್ಯಾಂಥಿಯಾನ್ ನಿಂತಿದೆ, ಫೋರಂ ಬಿದ್ದಿದೆ. ಅಪವಾದವೂ ಇದೆ. ಹಳೇಬೀಡು ನಿಂತೇ ಇದೆ, ಆದರೂ ಅದಕ್ಕೆ ಬೇಕು. ಮಗಳು ಅಡ್ಡ ಬಂದಳು: ಅಮ್ಮಾ, ಸೀಸರನನ್ನು ಕೊಂದ ಆರ್ಜೆಂಟೀನಾ ಚೌಕ ಪೂರಾ ಬಿದ್ದಿದೆ, ಅಲ್ಲಿ ಮಕ್ಕಳು ಗೈಡಿಲ್ಲದೆ ಒಂದು ಗಂಟೆ ಕದಲಲಿಲ್ಲವಲ್ಲ? ಅದೂ ನಿಜ. ಅಲ್ಲಿ ಹಾಳುಬಿದ್ದ ಗುಡಿಗಳ ನಡುವೆ ಬೆಕ್ಕುಗಳ ಆಶ್ರಮವಿದೆ. ಸೀಸರ್ ಕ್ರಿ.ಪೂ. 44ರಲ್ಲಿ ಬಿದ್ದ ಕಡೆ ಈಗ ಬೆಕ್ಕುಗಳು ಹೊಟ್ಟೆ ಮೇಲೆ ಮಾಡಿ ಬಿಸಿಲಿಗೆ ಮಲಗಿರುತ್ತವೆ. ಬೆಕ್ಕಿದ್ದರೆ ಗೈಡು ಬೇಡ ಎಂದು ತಿದ್ದುಪಡಿ ಸೇರಿಸಿದೆವು. ಐದರ ಒಳಗಿನ ಮಕ್ಕಳಿದ್ದರೆ ಗೈಡಿಗಿಂತ ಎತ್ತಿಕೊಳ್ಳಲು ಇನ್ನೊಬ್ಬ ಆಳು ಮೇಲು, ಕಲ್ಲು ಹಾಸಿದ ಆ ಬೀದಿಗಳಲ್ಲಿ ಮಗುವಿನ ತಳ್ಳುಗಾಡಿ ಹೋಗುವುದಿಲ್ಲ, ಎಂದು ಅಳಿಯಂದಿರು ಇನ್ನೊಂದು ಸೇರಿಸಿದರು. ಹೀಗೆ ಕಾನೂನು ಬೆಳೆಯುತ್ತ ಹೋಗಿ ಮೊಸರನ್ನ ಆರಿತು.

ಡಿಸೆಂಬರಿನಲ್ಲಿ ಅವರೆಲ್ಲ ಹಾಸನಕ್ಕೆ ಬರುವವರಿದ್ದಾರೆ. ಮೊನ್ನೆ ಫೋನಿನಲ್ಲಿ ಅಳಿಯಂದಿರೇ ವಿಷಯ ಎತ್ತಿದರು. "ಹಳೇಬೀಡಿಗೆ ಗೈಡ್ ಮಾಡೂಣೇನ್ರಿ ಅತ್ತಿ?"

ಹಿಂದಿನಿಂದ ಮಗಳ ದನಿ: "ಅಮ್ಮ ಇದ್ದಾರಲ್ಲ ರೀ. ಮೂವತ್ತು ವರ್ಷ ಮಕ್ಕಳನ್ನ ಕರ್ಕೊಂಡು ಹೋಗಿದ್ದಾರೆ. ಗೈಡ್ ಯಾಕೆ?"

"ಬೇಡ ಬೇಡ, ಗೈಡ್ ಬೇಕು," ಎಂದು ಮೊಮ್ಮಗಳು ಕೂಗಿದಳು. "ಅಜ್ಜಿ ಹೇಳಿದ್ಮೇಲೆ ಪ್ರಶ್ನೆ ಕೇಳ್ತಾರೆ."